ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಾ? ಗೇಟಿನ ಬಳಿಯ ನೀಲಿ ಪೈಪನ್ನು ನಂಬಬೇಡಿ

ವಾಸಕ್ಕೆ ಅತ್ಯಂತ ಕೆಟ್ಟ ಊರು ಯಾವುದು ಎಂದು ಈಗ ಯಾರಾದರೂ ಕೇಳಿದರೆ ತಡವರಿಸದೆ ಬೆಂಗಳೂರು ಎನ್ನುತ್ತೇನೆ. ಬೈಯುವವರು ಬೈಯಲಿ. ಕೇಂದ್ರ ಸರ್ಕಾರದ 2020ರ ಸುಗಮ ಜೀವನ ಸೂಚ್ಯಂಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರಿಗೇ ಮೊದಲ ಸ್ಥಾನ ಸಿಕ್ಕಿತ್ತು. ಆ ಪಟ್ಟಿ ಮಾಡಿದ ಮಹನೀಯರಲ್ಲಿ ಒಬ್ಬರಾದರೂ ವರ್ತೂರು, ಪಣತ್ತೂರಿನ ಕಡೆ ಬಾಡಿಗೆ ಮನೆ ಹಿಡಿದು ಅಡ್ವಾನ್ಸ್ ವಾಪಸ್ ಕೇಳಿದ್ದರೆ ಪಟ್ಟಿ ಬೇರೆಯೇ ಆಗುತ್ತಿತ್ತು.

ಎಲ್ಲರೂ ಟ್ರಾಫಿಕ್ಕನ್ನು ಬೈಯುತ್ತಾರೆ. ಟಾಮ್‌ಟಾಮ್‌ ಕಂಪನಿಯ 2019ರ ಪಟ್ಟಿಯಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ವಾಹನ ದಟ್ಟಣೆಯ ನಗರ ನಮ್ಮದಾಗಿತ್ತು, ನಿಜ. 2022ರ ಸೆಪ್ಟೆಂಬರ್ ಮಳೆಯಲ್ಲಿ ಕೋಟ್ಯಂತರ ರೂಪಾಯಿಯ ಬಂಗಲೆಗಳವರು ಟ್ರ್ಯಾಕ್ಟರ್ ಏರಿ ಹೊರಬಂದದ್ದನ್ನೂ ದೇಶವೇ ನೋಡಿತು. ಬೆಳ್ಳಂದೂರು ಕೆರೆಯ ನೊರೆ, ಆ ಕೆರೆಗೇ ಹತ್ತಿಕೊಂಡ ಬೆಂಕಿ, ಎಲ್ಲವೂ ಹಳೆಯ ಸುದ್ದಿ. ಇವಕ್ಕೆಲ್ಲ ಹೇಗೋ ಒಗ್ಗಿಕೊಳ್ಳಬಹುದು. ಒಗ್ಗಿಕೊಳ್ಳಲಾಗದ್ದು ಒಂದೇ: ಇಲ್ಲಿ ನಮ್ಮ ಹತ್ತು ತಿಂಗಳ ಬಾಡಿಗೆ ಮನೆಯ ಮಾಲೀಕರ ಕೈಯಲ್ಲಿ ಕುಳಿತಿರುತ್ತದೆ. ಜುಟ್ಟು ಅವರ ಕೈಯಲ್ಲಿ. ಆಮೇಲೆ ನೀರಿಲ್ಲ ಎಂದು ಕೇಳುವುದು ಹೇಗೆ? ಕರೆಂಟ್ ಬಿಲ್ ಯಾಕಿಷ್ಟು ಎಂದು ಕೇಳುವುದು ಹೇಗೆ? ಕೇಳಿದರೆ ಬರುವ ಉತ್ತರ, "ಇಷ್ಟವಿಲ್ಲದಿದ್ದರೆ ಖಾಲಿ ಮಾಡಿ." ಖಾಲಿ ಮಾಡಿದರೆ ದುಡ್ಡು ಯಾವಾಗ? ಅದಕ್ಕೆ ಉತ್ತರವಿಲ್ಲ.

ನಾವು ಹೊಸಬರಲ್ಲ, ರಾಜಾಜಿನಗರದ ಕಡೆ ವರ್ಷಗಳ ಕಾಲ ಬಾಡಿಗೆಗೆ ಇದ್ದವರು. ಅಲ್ಲಿ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತಿತ್ತು, ಸಂಪು ತುಂಬುತ್ತಿತ್ತು, ನೀರಿನ ಬಗ್ಗೆ ಯೋಚಿಸಿದ್ದೇ ಇಲ್ಲ. ನನ್ನ ಹೆಂಡತಿಯ ಕಚೇರಿ ವೈಟ್‌ಫೀಲ್ಡ್ ಕಡೆಗೆ ಹೋಯಿತು. ಮಗುವನ್ನು ಬಿಟ್ಟು ದಿನಾ ಊರಿನ ಈ ತುದಿಯಿಂದ ಆ ತುದಿಗೆ ಓಡಾಡುವುದು ಆಗದು ಎಂದು ಆ ಕಡೆಯೇ ಮನೆ ನೋಡಿದೆವು.

2024ರ ಬೇಸಿಗೆಯ ನೀರಿನ ಗತಿ ಎಲ್ಲರಿಗೂ ನೆನಪಿರಬೇಕು. ಉಪಮುಖ್ಯಮಂತ್ರಿಗಳೇ ತಮ್ಮ ಮನೆಯ ಕೊಳವೆಬಾವಿ ಬತ್ತಿದೆ ಎಂದಿದ್ದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಎಂದರು. ನಾವು ಹೋಗುತ್ತಿದ್ದದ್ದು ಆ ಭಾಗಕ್ಕೇ. ಹಾಗಾಗಿ ನೋಡಿದ ಪ್ರತಿ ಮನೆಯಲ್ಲೂ ನನ್ನ ಮೊದಲ ಪ್ರಶ್ನೆ, "ಕಾವೇರಿ ಇದೆಯಾ?"

ಕೊನೆಗೆ ನಾವು ಹಿಡಿದ ಮನೆಯ ಮಾಲೀಕರು ಕೈ ಹಿಡಿದು ಗೇಟಿನ ಬಳಿಗೇ ಕರೆದುಕೊಂಡು ಹೋದರು. ಗೋಡೆಯ ಬುಡದಲ್ಲಿ ನೆಲದಿಂದ ಮೇಲೆದ್ದಿದ್ದ ನೀಲಿ ಪೈಪನ್ನು ತೋರಿಸಿದರು. "ನೋಡಿ ಸರ್, ಕಾವೇರಿ. ಮನೆ ಬಾಗಿಲಿಗೇ ಬಂದಿದೆ. ಈ ರಸ್ತೆಯಲ್ಲಿ ಎಷ್ಟು ಮನೆಗಿದೆ ಕೇಳಿ ನೋಡಿ." ಮುಖದಲ್ಲಿ ಎಂಥ ಹೆಮ್ಮೆ! ಸ್ವತಃ ಭಗೀರಥನೇ ನಿಂತಂತೆ. ನಾವು ಅರಸೀಕೆರೆಯವರು ಎಂದು ತಿಳಿದ ಮೇಲಂತೂ ದನಿಯೇ ಬದಲಾಯಿತು. "ಹೊರಗಿನವರು ಇನ್ನೂ ಐದು ಸಾವಿರ ಜಾಸ್ತಿ ಕೊಡುತ್ತೇವೆ ಅನ್ನುತ್ತಿದ್ದಾರೆ. ಬೇಡ ಅಂದೆ. ನೀವು ನಮ್ಮವರು, ಕನ್ನಡದವರು. ಮನೆ ಮನೆಯ ಹಾಗೆ ಇರುತ್ತದೆ." ಅವರ ಮನೆಯವರು ಒಳಗಿನಿಂದ ಕಾಫಿ ತಂದರು. ಮಗುವಿನ ಕೆನ್ನೆ ಹಿಂಡಿದರು. ಈಗ ಆ ಕಾಫಿ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಬಾಡಿಗೆ 24,000, ಅಡ್ವಾನ್ಸ್ 2,40,000. ಹಳೆಯ ಮನೆಯ ಅಡ್ವಾನ್ಸ್ ಸಾಲದೆ ಊರಿನ ಸಹಕಾರ ಸಂಘದಲ್ಲಿ ಹೆಂಡತಿಯ ಬಳೆ, ಸರ ಅಡವಿಟ್ಟು ಹಣ ಹೊಂದಿಸಿದೆವು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಬೇರೆ. ಹನ್ನೊಂದು ತಿಂಗಳ ಕರಾರು. ಹನ್ನೊಂದೇ ಯಾಕೆ ಎಂದರೆ, ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಅದು ಯಾವ ಮಾಲೀಕರಿಗೂ ಬೇಡ. ಎಲ್ಲರೂ ಹೀಗೇ ಮಾಡುತ್ತಾರೆ, ನಾವೂ ಸಹಿ ಹಾಕಿದೆವು.

ನಾವು ಆ ಮನೆಗೆ ಹೋದ ವಾರದಿಂದಲೇ ಟ್ಯಾಂಕರ್ ಬರತೊಡಗಿತು. "ಪೈಪ್‌ಲೈನ್ ಕೆಲಸ ನಡೆಯುತ್ತಿದೆ, ಸ್ವಲ್ಪ ದಿನ" ಎಂದರು. ಸ್ವಲ್ಪ ದಿನ ತಿಂಗಳಾಯಿತು. ಟ್ಯಾಂಕರ್ ದುಡ್ಡನ್ನು ಎಲ್ಲ ಮನೆಗಳಿಗೂ ಹಂಚುತ್ತಿದ್ದರು. ಆ ಹಂಚಿಕೆಯಲ್ಲಿ ಅವರ ಸ್ವಂತ ಮನೆ, ಮಹಡಿಯ ಮೇಲಿನ ಅವರ ತೋಟ ಇದ್ದವೋ ಇಲ್ಲವೋ ದೇವರೇ ಬಲ್ಲ, ಲೆಕ್ಕದ ಚೀಟಿಯನ್ನಂತೂ ಒಮ್ಮೆಯೂ ತೋರಿಸಲಿಲ್ಲ. 2024ರಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ ಎಂದು ದರ ಕಟ್ಟಿತ್ತು. ಆ ದರ ಹೇಳಿದ್ದಕ್ಕೆ ಬಂದ ಉತ್ತರ: "ಆ ದರಕ್ಕೆ ತರಿಸಿ ಸರ್, ನಾನೂ ತೆಗೆದುಕೊಳ್ಳುತ್ತೇನೆ." ಜಲಮಂಡಳಿ ತಾನೇ ಟ್ಯಾಂಕರ್ ಕಳಿಸುವ 'ಸಂಚಾರಿ ಕಾವೇರಿ' ಶುರು ಮಾಡಿದಾಗ ಅದನ್ನಾದರೂ ಬುಕ್ ಮಾಡೋಣ ಎಂದೆ. "ಅವರ ಗಾಡಿ ನಮ್ಮ ರಸ್ತೆಗೆ ಬರುವುದಿಲ್ಲ." ಕಸದ ಲಾರಿ ಬರುತ್ತದೆ, ಖಾಸಗಿ ಟ್ಯಾಂಕರ್ ಬರುತ್ತದೆ, ಜಲಮಂಡಳಿಯ ಗಾಡಿ ಮಾತ್ರ ಬರುವುದಿಲ್ಲವಂತೆ!

ಒಂದು ಭಾನುವಾರ ಬೆಳಿಗ್ಗೆ ನೀರು ಬಿಡುವ ನೌಕರ ರಸ್ತೆಯ ವಾಲ್ವ್ ತಿರುಗಿಸುತ್ತಿದ್ದದ್ದು ಕಂಡಿತು. ಓಡಿಹೋಗಿ, ನಮ್ಮ ಮನೆಗೆ ಯಾವಾಗ ಬಿಡುತ್ತೀರಿ ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ, ಪೈಪ್ ನೋಡಿದ, ನಕ್ಕುಬಿಟ್ಟ. "ಯಾವ ಮನೆ ಸರ್? ಇದಕ್ಕೆ ಕನೆಕ್ಷನ್ನೇ ತೆಗೆದುಕೊಂಡಿಲ್ಲವಲ್ಲ!" ಬಗ್ಗಿ ನೋಡಿದೆ. ನೀಲಿ ಪೈಪಿನ ಬಾಯಿಗೆ ಮುಚ್ಚಳ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ದಾರ ಬಿಗಿದಿತ್ತು. ಸಂಪಿನ ಕಡೆಗೆ ಹೋಗುವ ಪೈಪೇ ಇಲ್ಲ. ಮಂಡಳಿಯವರು ರಸ್ತೆ ಅಗೆದಾಗ ಎಲ್ಲ ಗೇಟಿನ ಮುಂದೆಯೂ ಬಿಟ್ಟುಹೋದ ತುಂಡು ಅದು. ಅದನ್ನು ತೋರಿಸಿ ಕಾವೇರಿ ಎಂದಿದ್ದರು! ಮುಚ್ಚಳ ಹಾಕಿದ ತುಂಡು ಪೈಪನ್ನು ತೋರಿಸಿ ಎರಡು ಲಕ್ಷದ ನಲವತ್ತು ಸಾವಿರ ರೂಪಾಯಿ ಎಣಿಸಿಕೊಂಡಿದ್ದರು! ಪಕ್ಕದ ಮನೆಯ ಹುಡುಗರು ಬಾಲ್ಕನಿಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಎಂಜಿನಿಯರಿಂಗ್ ಓದಿದವನು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮೇಲೆ ಹೋಗಿ ಮಾಲೀಕರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಪೈಪ್ ಬಂದಿದೆ ಅಂದೆ. ನೀರು ಬಂದಿದೆ ಅಂದೆನಾ?"

ಇದೇ ಮಾತು. ಅಕ್ಷರಶಃ ಇದೇ ಮಾತು.

ಹಾಗಾದರೆ ಕನೆಕ್ಷನ್ ಯಾಕೆ ತೆಗೆದುಕೊಂಡಿಲ್ಲ ಎಂದೆ. ಅದಕ್ಕೆ ಕೊಟ್ಟ ಉತ್ತರದಲ್ಲಿ ಇಡೀ ವ್ಯವಹಾರದ ಗುಟ್ಟೇ ಇದೆ, ಗಮನವಿಟ್ಟು ಓದಿ: "ಅದಕ್ಕೆ ಶುಲ್ಕ ಕಟ್ಟಬೇಕು, ಮನೆಗಳ ಲೆಕ್ಕದಲ್ಲಿ. ಅಷ್ಟೊಂದು ದುಡ್ಡು ಯಾರು ಕಟ್ಟುತ್ತಾರೆ ಸರ್?" ಅಂದರೆ ಸಂಪರ್ಕದ ಶುಲ್ಕ ಮಾಲೀಕರ ಜೇಬಿನಿಂದ ಹೋಗುತ್ತದೆ, ಟ್ಯಾಂಕರ್ ದುಡ್ಡು ಬಾಡಿಗೆದಾರರ ಜೇಬಿನಿಂದ. ಹೀಗಿರುವಾಗ ಅವರು ಕಾವೇರಿಗೆ ಯಾಕೆ ಅರ್ಜಿ ಹಾಕುತ್ತಾರೆ? ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬೆಟ್ಟದೆತ್ತರಕ್ಕೆ ಪಂಪು ಮಾಡಿ ತಂದ ನೀರು ಗೇಟಿನ ಹೊರಗೇ ನಿಂತಿತ್ತು.

ಕರೆಂಟಿನದೂ ಅದೇ ಕಥೆ. ಕಟ್ಟಡಕ್ಕೆಲ್ಲ ಒಂದೇ ಮೀಟರ್, ನಮಗೆ ಸಬ್‌ಮೀಟರ್, ಯೂನಿಟ್‌ಗೆ ಅವರು ಹೇಳಿದ್ದೇ ದರ. ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ, 200 ಯೂನಿಟ್‌ವರೆಗೆ. ಸಿಗಬೇಕಾದರೆ ನಮ್ಮದೇ ಮೀಟರ್ ಬೇಕು. "ಸರ್ಕಾರದ್ದೆಲ್ಲ ನಮಗೆ ಬೇಡ ಸರ್" ಎಂದರು.

ಹನ್ನೊಂದು ತಿಂಗಳು ಹಲ್ಲು ಕಚ್ಚಿಕೊಂಡು ಇದ್ದೆವು, ಯಾಕೆಂದರೆ ದುಡ್ಡು ಅವರ ಬಳಿ ಇತ್ತು. ಕರಾರಿನಂತೆಯೇ ನೋಟಿಸ್ ಕೊಟ್ಟು ಬೀಗದ ಕೈ ಒಪ್ಪಿಸಿದೆವು. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿ ಎಲ್ಲೆಡೆ ಇದ್ದದ್ದೇ, ಅದಕ್ಕೆ ತಕರಾರಿಲ್ಲ. ಉಳಿದ 2,16,000 ಬರಬೇಕು. ಅಂದು ಒಂದು ಲಕ್ಷ ಹಾಕಿದರು. "ಉಳಿದದ್ದು ಮುಂದಿನವರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ." ನಮ್ಮ ದುಡ್ಡು ಎಲ್ಲಿ ಹೋಯಿತು ಸರ್ ಎಂದೆ. "ಮಗಳ ಮದುವೆ ಮಾಡಿದೆನಲ್ಲ, ನೀವೂ ಊಟಕ್ಕೆ ಬಂದಿದ್ದಿರಲ್ಲ" ಎಂದರು. ಹೌದು, ಬಂದಿದ್ದೆವು. ಮುಯ್ಯಿ ಕೂಡ ಮಾಡಿದ್ದೆವು.

ಫೋನ್ ಮಾಡಿದರೆ ಎತ್ತುವುದಿಲ್ಲ. ಸಂದೇಶ ಕಳಿಸಿದರೆ ಕೈ ಮುಗಿದ ಚಿತ್ರ. ಬಹಳ ಕಾಡಿದ ಮೇಲೆ ಐವತ್ತು ಸಾವಿರ ಬಂತು, ಜೊತೆಗೆ ಕೈಬರಹದ ಪಟ್ಟಿಯ ಫೋಟೋ: ಮನೆ ತೊಳೆಸಿದ್ದು 9,000, ಗೀಸರ್ ಕಾಯಿಲ್ 7,500, ಸೊಳ್ಳೆ ಪರದೆ 3,500, ಟ್ಯಾಂಕರ್ ಬಾಕಿ 6,000, ನಲ್ಲಿ ಮತ್ತು ಟೈಲ್ಸ್ ಮೇಲಿನ ಉಪ್ಪಿನ ಕಲೆ ತೆಗೆಸಿದ್ದು 12,000. ಉಪ್ಪಿನ ಕಲೆ! ಅವರೇ ತರಿಸಿದ ಟ್ಯಾಂಕರಿನ ಗಡಸು ನೀರು, ಅದಕ್ಕೆ ದುಡ್ಡು ಕೊಟ್ಟವರು ನಾವು, ಅದರಿಂದ ಕೂದಲು ಉದುರಿಸಿಕೊಂಡವರು ನಾವು, ಆ ನೀರು ಬಿಟ್ಟುಹೋದ ಕಲೆಗೂ ದಂಡ ತೆರಬೇಕಾದವರು ನಾವು. ಗೀಸರ್ ಕಾಯಿಲ್ ಹಾಳಾದದ್ದೂ ಅದೇ ನೀರಿನಿಂದ. ಹೀಗೆ 38,000 ಕಳೆದ ಮೇಲೂ 28,000 ಬಾಕಿ ಉಳಿಯುತ್ತದೆ. ಅದು ಅವರದೇ ಲೆಕ್ಕ. ಅದೂ ಬಂದಿಲ್ಲ. ಸಹಕಾರ ಸಂಘದಲ್ಲಿ ಬಡ್ಡಿ ಓಡುತ್ತಿದೆ. ಮೊನ್ನೆ ನೆಂಟರ ಗೃಹಪ್ರವೇಶದಲ್ಲಿ ಅತ್ತೆಯವರು ಮಗಳ ಬರಿಗೈ ನೋಡಿ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಪೊಲೀಸ್ ಠಾಣೆಯಲ್ಲಿ "ಇದು ಸಿವಿಲ್ ವಿಚಾರ" ಎಂದು ಸಾಗಹಾಕಿದರು. ಪರಿಚಯದ ವಕೀಲರು ಹೇಳಿದ್ದು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ: 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಈಗ ಆ ದುಡ್ಡಿಗೆ ವೈಟ್‌ಫೀಲ್ಡ್ ಕಡೆ ಬೈಕ್ ನಿಲ್ಲಿಸಲು ಜಾಗ ಕೊಟ್ಟರೆ ಪುಣ್ಯ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂದಿದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಅದನ್ನೇ ಮಾಲೀಕರಿಗೆ ಕಳಿಸಿದೆ. ಉತ್ತರ: "ದೆಹಲಿಯಲ್ಲಿ ಮನೆ ಮಾಡಿ ಸರ್."

ಆ ಕಡೆ ಹೋಗಲೇಬೇಕಾದ ಅನಿವಾರ್ಯ ಇರುವವರಿಗೆ ಎರಡು ಮಾತು. ಪೈಪ್ ನೋಡಬೇಡಿ, ಜಲಮಂಡಳಿಯ ಈಚಿನ ಬಿಲ್ ಕೇಳಿ. ಬಿಲ್ ತೋರಿಸದಿದ್ದರೆ ಕಾಫಿ ಕುಡಿಯದೆ ಎದ್ದು ಬನ್ನಿ. ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಏನೇನು ಕಳೆಯಬಹುದು ಎಂಬುದನ್ನು ಕರಾರಿನಲ್ಲಿ ಬರೆಸಿ. ಹಳೆಯ ಬಾಡಿಗೆದಾರರ ನಂಬರ್ ಕೇಳಿ ಒಂದು ಫೋನ್ ಮಾಡಿ. 'ನಮ್ಮವರು' ಎಂದವರ ಬಳಿ ಇನ್ನೊಂದು ಸಲ ಚೌಕಾಸಿ ಮಾಡಿ.

ಈಗ ವಕೀಲರ ನೋಟಿಸ್ ಕಳಿಸುವ ಯೋಚನೆಯಿದೆ. ಹೀಗೆ ನೋಟಿಸ್ ಕೊಟ್ಟು ಅಡ್ವಾನ್ಸ್ ವಸೂಲಿ ಮಾಡಿದವರು ಯಾರಾದರೂ ಇದ್ದರೆ ಎಷ್ಟು ಖರ್ಚಾಯಿತು, ಕೊನೆಗೆ ಪೂರ್ತಿ ಬಂತೇ ಎಂದು ದಯವಿಟ್ಟು ತಿಳಿಸಿ. ಬಾಯಿಮಾತಿನ ಸಮಾಧಾನ ಬೇಡ, ಅದನ್ನು ನೆಂಟರೆಲ್ಲ ಹೇಳಿ ಮುಗಿಸಿದ್ದಾರೆ.