ತೆಂಗಿನ ಮಟ್ಟೆ ಬಿದ್ದ ಬಾನೆಟ್ಟೂ ಅಂತರಸನಹಳ್ಳಿಯ ಬೋರ್ಡಿಲ್ಲದ ಶೆಡ್ಡೂ

ಕಾರು ನನ್ನದಲ್ಲ, ತಮ್ಮನದು. ಹಳೇ ಪೋಲೋ. ಇದ್ದ ಬಾನೆಟ್ ತೆಗೆಸಿ ಕಾರ್ಬನ್ ಫೈಬರಿನದು ಹಾಕಿಸಿದ್ದಾನೆ. ಅದಕ್ಕೆ ಬಣ್ಣ ಇಲ್ಲ. ಚಾಪೆ ಹೆಣೆದ ಹಾಗೆ ಕಪ್ಪು ಎಳೆಗಳು, ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ಮಸ್ಕತ್‌ಗೆ ಹೋಗುವಾಗ "ಅಕ್ಕಾ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡು ಸಾಕು" ಎಂದು ಕೀ ಕೊಟ್ಟು ಹೋದ. ನಾನು ನೆರಳು ಅಂತ ಅದನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಿದೆ. ತುಮಕೂರಿನಲ್ಲಿ ಹುಟ್ಟಿ ಬೆಳೆದವಳು ಹಾಗೆ ಮಾಡಿದರೆ ಏನು ಬೈಯಬೇಕೋ ಅದನ್ನೆಲ್ಲ ಅಮ್ಮ ಬೈದಾಗಿದೆ.

ಒಣ ಮಟ್ಟೆ ಬಿತ್ತು. ಬಾನೆಟ್ ಸೀಳಲಿಲ್ಲ, ಪುಣ್ಯ. ಆದರೆ ಮೂರು ಗೀರು, ಒಂದಂತೂ ಗೇಣುದ್ದ. ಸಾಲದ್ದಕ್ಕೆ ನಾನು ಒಣ ಬಟ್ಟೆಯಲ್ಲಿ ಧೂಳು ಒರೆಸಿ ಇನ್ನಷ್ಟು ಸಣ್ಣ ಗೀರು ಸೇರಿಸಿದೆ.

ಮೊದಲು ಹೋದದ್ದು ಒಂದು ದೊಡ್ಡ ಅಂಗಡಿಗೆ. ಹೆಸರು ಬೇಡ. ಎಸಿ, ಕಾಫಿ ಎಲ್ಲ ಇತ್ತು. ಹುಡುಗ ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟ. ಅದು ಏನೂ ತೋರಿಸಲಿಲ್ಲ. ಆ ಥರದ ಮೀಟರಿಗೆ ಕೆಳಗೆ ಲೋಹ ಇರಬೇಕು, ಕಾರ್ಬನ್ನಿಗೆ ಅಲ್ಟ್ರಾಸಾನಿಕ್ ಮೀಟರೇ ಬೇಕು ಅಂತ ಆಮೇಲೆ ಗೊತ್ತಾಯಿತು. ಅವನು ಮೀಟರನ್ನು ಎರಡು ಸಲ ತಟ್ಟಿ ನೋಡಿ, "ಕಪ್ಪು ಪೇಂಟ್ ಹೊಡೆದುಬಿಡೋಣ ಮೇಡಂ" ಎಂದ. ಎಳೆ ಕಾಣಲಿ ಅಂತಲೇ ಅಷ್ಟು ದುಡ್ಡು ಸುರಿದಿರೋದು. ಅದರ ಮೇಲೆ ಕಪ್ಪು ಬಳಿಸಿದ್ದರೆ ತಮ್ಮ ಬಂದು ನನ್ನ ಮುಖಕ್ಕೆ ಬಳಿಯುತ್ತಿದ್ದ.

ಅಂತರಸನಹಳ್ಳಿ ಕಡೆ ಒಂದು ತಗಡಿನ ಶೆಡ್ ಇದೆ ಎಂದು ನಮ್ಮ ಆಟೋದವರು ಹೇಳಿದರು. ಬೋರ್ಡಿಲ್ಲ, ಎಸಿಯಂತೂ ಕೇಳಲೇಬೇಡಿ. ಶೆಡ್ಡಿನ ಯಜಮಾನರು ಮೀಟರ್ ತರಲಿಲ್ಲ, ಒಂದು ಚೊಂಬು ನೀರು ತಂದು ಬಾನೆಟ್ ಮೇಲೆ ಸುರಿದರು. ಸಣ್ಣ ಗೀರುಗಳು, ಎರಡು ಗೆರೆ ಮಾಯ! ನೀರಿಗೆ ಮಾಯವಾದರೆ ಏಟು ಕ್ಲಿಯರ್ ಕೋಟಿನಲ್ಲೇ ನಿಂತಿದೆ ಅಂತ ಅರ್ಥವಂತೆ. ಗೇಣುದ್ದದ್ದು ಮಾತ್ರ ಹಾಗೇ ಇತ್ತು, ಉಗುರು ಆಡಿಸಿದರೆ ತಡೆಯುತ್ತಿತ್ತು.

ಒಂದು ಗಂಟೆ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ನೀರಿನಲ್ಲಿ ನೆನೆಸಿದ 2000 ನಂಬರಿನ ಉಜ್ಜುವ ಪೇಪರ್, ಆಮೇಲೆ ಇನ್ನೂ ನಯವಾದ 3000. ಎಲ್ಲ ಕೈಯಲ್ಲೇ. ಅಂಚಿನ ಹತ್ತಿರ ಕೈ ಹಗುರ ಮಾಡುತ್ತಿದ್ದರು, ಅಲ್ಲಿ ಕೋಟ್ ತೆಳ್ಳಗಿರುತ್ತದೆ ಎಂದು. ನಾಲ್ಕು ಸಲ ಉಜ್ಜುವುದು, ನೀರಿನ ಬಣ್ಣ ನೋಡುವುದು. "ಹಾಲಿನಂಗೆ ಬಿಳಿ ಬಂದ್ರೆ ಸರಿ. ಕಪ್ಪು ಬಂತೋ, ಎಳೆಗೆ ತಗುಲಿತು ಅಂತ, ಕೈ ತೆಗೀಬೇಕು." ಕೊನೆಗೆ ಕಾಂಪೌಂಡ್ ಅನ್ನೋ ಪಾಲಿಶ್ ಪೇಸ್ಟ್ ಹಾಕಿ ಮೆಷಿನ್ ಹಿಡಿದರು. ಅದನ್ನೂ ಒಂದೇ ಕಡೆ ನಿಲ್ಲಿಸಲಿಲ್ಲ. ಬಿಸಿಯಾದರೆ ಕೋಟ್ ಸುಡುತ್ತದೆ.

ಆಳದ ಗೀರಿಗೆ ಹಲ್ಲುಕಡ್ಡಿಯಲ್ಲಿ ಹನಿಹನಿಯಾಗಿ ಕ್ಲಿಯರ್ ತುಂಬಿ, ಒಣಗಲು ಬಿಟ್ಟು, ಆಮೇಲೆ ಸಮ ಮಾಡಿದರು. ಹೆಡ್‌ಲೈಟ್ ಪಕ್ಕ ಕೂದಲೆಳೆಯಷ್ಟು ಉಳಿದಿದೆ. ಪೂರ್ತಿ ತೆಗೆಯಿರಿ ಎಂದು ನಾನು ಪಟ್ಟು ಹಿಡಿದೆ. ಅವರು ಒಪ್ಪಲಿಲ್ಲ. ಬಿಸಿಲು ತಡೆಯೋದೇ ಈ ಕೋಟ್, ಇನ್ನೂ ತಿಕ್ಕಿದರೆ ತೆಳ್ಳಗಾಗಿ ಕೆಳಗೆ ಎಳೆಗಳನ್ನು ಹಿಡಿದಿಟ್ಟಿರುವ ಎಪಾಕ್ಸಿ ಅಂಟು ಹಳದಿ ತಿರುಗುತ್ತದೆ, ಆಗ ಬಾನೆಟ್ ಪೂರಾ ಹೊಸ ಕೋಟ್ ಹೊಡೆಸಬೇಕು ಎಂದರು. ಜಾಸ್ತಿ ಕೆಲಸ ಅಂದರೆ ಜಾಸ್ತಿ ದುಡ್ಡು ಅಲ್ವಾ? ಅದನ್ನು ಬೇಡ ಅಂದವರನ್ನು ನಾನು ಕಂಡಿದ್ದು ಇದೇ ಮೊದಲು.

ಇನ್ನು ಬೈಗುಳ. ಎರಡು ದಿನ ಎಂದಿದ್ದು ಐದು ದಿನವಾಯಿತು. ಹನಿ ಒಣಗಲು ಎರಡು ದಿನ ಬೇಕು, ಒಪ್ಪಿದೆ. ಉಳಿದದ್ದು ಯಾರದೋ ಮದುವೆ. ಆ ಮೂರು ದಿನ ಫೋನೂ ಎತ್ತಲಿಲ್ಲ. ವೈಪರ್ ಸಂದಿಯಲ್ಲಿ ಕಾಂಪೌಂಡ್ ಸುಣ್ಣದ ಹಾಗೆ ಒಣಗಿ ಕೂತಿತ್ತು, ಹಳೇ ಬ್ರಷ್ ಹಿಡಿದು ನಾನೇ ತೆಗೆದೆ.

ಒಟ್ಟು 3,800 ರೂಪಾಯಿ. ಯುಪಿಐ ಇದೆ, ಬಿಲ್ ಇಲ್ಲ. ಬೆಳಿಗ್ಗೆ ಹತ್ತರೊಳಗೆ ಹೋಗಿ. ತಗಡು ಕಾದ ಮೇಲೆ ಅವರು ಪೇಪರ್ ಮುಟ್ಟುವುದಿಲ್ಲ.