ಮಲ್ಪೆಯ ಮಳೆಯಲ್ಲಿ ಒಂದು ರಾಕೆಟ್ ಕಿಟ್

ಜೂನ್ 1ಕ್ಕೆ ಟ್ರಾಲಿಂಗ್ ನಿಷೇಧ ಶುರುವಾದರೆ ಮಲ್ಪೆಯಲ್ಲಿ 61 ದಿನ ನನಗೆ ಹೆಚ್ಚು ಕೆಲಸ ಇರುವುದಿಲ್ಲ. ನಾನು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವನು. ಬೋಟು ಹೋಗದಿದ್ದರೆ ಐಸ್ ಯಾರಿಗೆ ಬೇಕು? ಈ ಸಲ ಆ ಬಿಡುವಿನಲ್ಲಿ ರಾಕೆಟ್ ಕಟ್ಟಿದೆ. ಅಮೆರಿಕದಲ್ಲಿ ಓದುತ್ತಿರುವ ತಂಗಿಯ ಮಗ ತಂದುಕೊಟ್ಟ ಕಿಟ್. "ಮಾವ, ಈ ಸಲ ಚಾಕಲೇಟ್ ಇಲ್ಲ" ಅಂತ ಉದ್ದದ ಪೆಟ್ಟಿಗೆ ಕೈಗಿಟ್ಟ. ಬೆಲೆ ಕೇಳಿದರೆ ನಮ್ಮ ಲೆಕ್ಕದಲ್ಲಿ ಸುಮಾರು 7,000 ರೂಪಾಯಿ.

ಇದು ಮಿಡ್ ಪವರ್ ರಾಕೆಟ್. ಮಾಡೆಲ್ ರಾಕೆಟ್ ಮೋಟರ್‌ಗಳಿಗೆ ಎ, ಬಿ, ಸಿ ಅಂತ ದರ್ಜೆ ಇದೆ. ಒಂದೊಂದು ಅಕ್ಷರ ಮುಂದೆ ಹೋದಂತೆ ಶಕ್ತಿಯ ಮಿತಿ ಎರಡು ಪಟ್ಟು. ಎ ಮೋಟರ್ ಹೆಚ್ಚೆಂದರೆ 2.5 ನ್ಯೂಟನ್ ಸೆಕೆಂಡ್ (ಸರಾಸರಿ ತಳ್ಳುವ ಬಲವನ್ನು ಉರಿಯುವ ಸೆಕೆಂಡುಗಳಿಂದ ಗುಣಿಸಿದ ಲೆಕ್ಕ), ಎಫ್ 40ರಿಂದ 80, ಜಿ 80ರಿಂದ 160. ಇ, ಎಫ್, ಜಿ ಸೇರಿ ಮಿಡ್ ಪವರ್. ಮೋಟರ್ ಮೇಲೆ ಎಫ್15-4 ಅಂತ ಬರೆದಿದ್ದರೆ, ಎಫ್ ದರ್ಜೆ, ಸರಾಸರಿ 15 ನ್ಯೂಟನ್ ತಳ್ಳುವ ಬಲ, ಉರಿದು ಮುಗಿದ 4 ಸೆಕೆಂಡಿಗೆ ಪ್ಯಾರಾಚೂಟ್ ಹೊರತಳ್ಳುವ ಮದ್ದು ಸಿಡಿಯುತ್ತದೆ ಅಂತ ಅರ್ಥ.

ಪೆಟ್ಟಿಗೆಯಲ್ಲಿ ದಪ್ಪ ರಟ್ಟಿನ ಕೊಳವೆ, ಪ್ಲಾಸ್ಟಿಕ್ ಮೂತಿ, ಪ್ಲೈವುಡ್‌ನ ಮೂರು ರೆಕ್ಕೆ, 29 ಮಿಲಿಮೀಟರ್ ಮೋಟರ್ ಕೂರುವ ಒಳಕೊಳವೆ, ನೈಲಾನ್ ಪ್ಯಾರಾಚೂಟ್, ಅದಕ್ಕೊಂದು ಇಲಾಸ್ಟಿಕ್ ಹಗ್ಗ. ರೆಕ್ಕೆ ಕೂರಿಸುವ ರೀತಿ ನನಗೆ ತುಂಬಾ ಹಿಡಿಸಿತು. ಸುಮ್ನೆ ಹೊರಗಿಂದ ಅಂಟಿಸುವುದಲ್ಲ. ರೆಕ್ಕೆಗೆ ಒಂದು ನಾಲಿಗೆ ಇದೆ. ಅದು ಹೊರಕೊಳವೆಯ ಸೀಳಿನೊಳಗೆ ಹೋಗಿ ಒಳಕೊಳವೆಗೆ ತಾಗಿ ನಿಲ್ಲುತ್ತದೆ. ಎರಡೂ ಕಡೆ ಅಂಟು ಹಾಕಿದರೆ ಎಳೆದರೂ ಬರುವುದಿಲ್ಲ. ಒಂದು ಸೀಳು ಮಾತ್ರ ಕಿರಿದಾಗಿತ್ತು, ಮರಳು ಕಾಗದ ಹಿಡಿದು ಅರ್ಧ ಗಂಟೆ ತಿಕ್ಕಿದೆ. ಸೂಚನೆಯ ಹಾಳೆ ಪೂರ್ತಿ ಇಂಚಿನಲ್ಲಿದೆ, ಅದೊಂದು ಕಿರಿಕಿರಿ.

ಆದರೆ ಆ ಹಾಳೆ ಬರೆದವರು ಆಟಿ ತಿಂಗಳ ಮಳೆ ನೋಡಿಲ್ಲ. "ರಾತ್ರಿಯಿಡೀ ಒಣಗಲು ಬಿಡಿ" ಅಂತಾರೆ. ಇಲ್ಲಿ ಫೆವಿಕಾಲ್ ಮೂರು ದಿನವಾದರೂ ಹಸಿ ಹಸಿ. ಕೊಳವೆಯ ಬಾಯಿ ತೇವ ಹೀರಿ ಉಬ್ಬಿತು, ಮೂತಿ ಒಳಗೆ ಹೋಗುವುದಿಲ್ಲ. ಕೊನೆಗೆ ಬಚ್ಚಲಲ್ಲಿ ಬಿಸಿನೀರಿನ ಹಂಡೆಯಿಂದ ಮೂರಡಿ ದೂರ ಕೊಳವೆ ನೇತುಹಾಕಿದೆ. ಅಮ್ಮ ಬಂದು ನೋಡಿ, "ಎಂತದಾ ಇದು, ಇನ್ನು ಸ್ನಾನ ಎಲ್ಲಿ ಮಾಡುವುದು?" ಅಂದರು. ಬಣ್ಣ ಮಾತ್ರ ಸೋಣ ತಿಂಗಳ ಬಿಸಿಲಿಗೆ ಕಾದು ಹೊಡೆದೆ. ಸ್ಪ್ರೇ ಡಬ್ಬಿಯನ್ನು ಬೆಂಕಿಯ ಹತ್ತಿರ ಒಯ್ಯುವುದುಂಟಾ?

ರೆಕ್ಕೆಯ ಬುಡಕ್ಕೆ ಅರಾಲ್ಡೈಟ್ ತುಂಬಿದೆ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಬೆರಳು ಅದ್ದಿ ಎಳೆದರೆ ನುಣುಪಾಗಿ ಕೂರುತ್ತದೆ. ಖುಷಿಯಲ್ಲಿ ಜಾಸ್ತಿಯೇ ಹಾಕಿದೆ. ಬೋಟಿನ ಫೈಬರ್ ಕೆಲಸ ಮಾಡುವ ಗೆಳೆಯ ನೋಡಿ ನಕ್ಕ. "ಇಷ್ಟು ಗಮ್ ಎಂತಕ್ಕೆ ಮಾರಾಯ್ರೇ, ಇದನ್ನೇನು ಸಮುದ್ರಕ್ಕೆ ಇಳಿಸ್ತೀರಾ?" ಅವನು ಹೇಳಿದ್ದು ಸರಿ ಅಂತ ಆಮೇಲೆ ಗೊತ್ತಾಯಿತು.

ರಾಕೆಟ್ ನೆಟ್ಟಗೆ ಹೋಗಬೇಕಾದರೆ ಅದರ ತೂಕದ ಮಧ್ಯಬಿಂದು, ಗಾಳಿಯ ಒತ್ತಡದ ಮಧ್ಯಬಿಂದುವಿಗಿಂತ ಮುಂದೆ ಇರಬೇಕು. ಕಡಿಮೆಯೆಂದರೆ ಕೊಳವೆಯ ಅಡ್ಡಗಲದಷ್ಟು ಮುಂದೆ. ನನ್ನದರ ಅಡ್ಡಗಲ 66 ಮಿಲಿಮೀಟರ್. ಗಾಳಿಯ ಬಿಂದುವನ್ನು ಓಪನ್‌ರಾಕೆಟ್ ಅನ್ನುವ ಉಚಿತ ಪ್ರೋಗ್ರಾಂ ಲೆಕ್ಕ ಹಾಕಿ ಕೊಡುತ್ತದೆ. ತೂಕದ್ದನ್ನು ರಾಕೆಟ್ಟಿಗೆ ದಾರ ಕಟ್ಟಿ ತೂಗಿಸಿ ನೋಡಿದೆ. ಮೋಟರ್ ಇರುವ ಜಾಗದಲ್ಲಿ ಅಷ್ಟೇ ತೂಕದ ಮರಳಿನ ಪೊಟ್ಟಣ ಇಟ್ಟಿದ್ದೆ. ಅಂತರ ಬರೀ 40! ಬಾಲದಲ್ಲಿ ಅರಾಲ್ಡೈಟ್ ಭಾರ. ಹಾಗೇ ಹಾರಿಸಿದ್ದರೆ ಗಾಳಿಯಲ್ಲಿ ಲಾಗ ಹಾಕುತ್ತಿತ್ತೇನೋ. ಪರಿಹಾರ ಬಂದರಿನಲ್ಲೇ ಸಿಕ್ಕಿತು. ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು 45 ಗ್ರಾಂ ತೂಗಿ ಮೂತಿಯೊಳಗೆ ಅಂಟಿಸಿದೆ. ಅಂತರ 80 ದಾಟಿತು. ಮೋಟರ್ ಬಿಟ್ಟು ಒಟ್ಟು ತೂಕ 525 ಗ್ರಾಂ. ಮೀನಿನ ತಕ್ಕಡಿಯಲ್ಲಿ ನೋಡಿದ್ದು, ಆದ್ದರಿಂದ ಸ್ವಲ್ಪ ಬಂಗುಡೆ ವಾಸನೆ ಇದೆ.

ಪ್ಯಾರಾಚೂಟ್‌ಗೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ ಪ್ಲಾಂಟಿನ ತಾರಸಿಯಿಂದ ಬಿಟ್ಟೆ. ಚೆನ್ನಾಗಿ ಬಿಚ್ಚಿಕೊಂಡಿತು. ಇಲಾಸ್ಟಿಕ್ ಹಗ್ಗ ಮಾತ್ರ ತೆಳು, ನಾನಾದರೆ ದಪ್ಪದ್ದು ಹಾಕುತ್ತೇನೆ.

ಈಗ ದೊಡ್ಡ ವಿಷಯ. ಕಿಟ್ ಸೂಟ್‌ಕೇಸಿನಲ್ಲಿ ಬರುತ್ತದೆ, ಮೋಟರ್ ಬರುವುದಿಲ್ಲ. ವಿಮಾನದ ಲಗೇಜಿನಲ್ಲಿ ಅದನ್ನು ತರುವಂತಿಲ್ಲ. ಉಡುಪಿಯ ಯಾವ ಅಂಗಡಿಯಲ್ಲೂ ನನಗೆ ಸಿಗಲಿಲ್ಲ. ಪೆಟ್ಟಿಗೆಯ ಮೇಲೆ "ಮೋಟರ್ ಬೇರೆ ಕೊಳ್ಳಬೇಕು" ಅಂತ ಸಣ್ಣಕ್ಷರದಲ್ಲಿದೆ, ಅಷ್ಟೇ. ಗರ್ನಾಲು ಪಟಾಕಿಯ ಮದ್ದು ತುಂಬಿಸಿ ನೋಡುವ ಅಂತ ಒಬ್ಬ ಸಲಹೆ ಕೊಟ್ಟ. ಅವನಿಗೆ ಚಹಾ ಕುಡಿಸಿ ಕಳಿಸಿದೆ. ಬೆರಳು ಇರಬೇಕಲ್ವಾ ಲೆಕ್ಕ ಬರೆಯಲಿಕ್ಕೆ.

ಹಾಗಾದರೆ ಕೊಳ್ಳಬಹುದಾ? ಕಟ್ಟುವ ಆಸೆಗೆ ಧಾರಾಳವಾಗಿ, 10ಕ್ಕೆ 8 ಕೊಡುತ್ತೇನೆ. ಹಾರಿಸುವ ಆಸೆಗಾದರೆ ಬೇಡ. ಮಕ್ಕಳಿಗೆ ಹಾರಿಸಿ ತೋರಿಸುತ್ತೇನೆ ಅಂತ ಮಾತು ಕೊಟ್ಟು ನಾನು ಸಿಕ್ಕಿಬಿದ್ದಿದ್ದೇನೆ, ನೀವು ಬೀಳಬೇಡಿ.

ಅಮ್ಮನಿಗೆ ಈ ಕಷ್ಟ ಯಾವುದೂ ಇಲ್ಲ. ಆರ್ಯಭಟ ಉಪಗ್ರಹದ ಯು.ಆರ್. ರಾವ್ ನಮ್ಮ ಅದಮಾರಿನವರಲ್ಲವಾ, ನೀನೂ ಒಂದು ಮಾಡಿದೆ ಅಂತ ಬಂದವರಿಗೆಲ್ಲ ತೋರಿಸುತ್ತಾರೆ. ಆಯುಧ ಪೂಜೆಗೆ ಸ್ಕೂಟರಿನ ಮಾಲೆಯಲ್ಲಿ ಒಂದು ತುಂಡು ಇದಕ್ಕೂ ಬಂತು. ಬಿಳಿ ಬಣ್ಣದ ಮೇಲೆ ಹಚ್ಚಿದ ಕುಂಕುಮ ಒರೆಸಿದರೂ ಹೋಗುತ್ತಿಲ್ಲ.