ಕಟ್ಟಿ ಸಾರ್ಕ್ ಚಿತ್ರ ಕೊಂಡು ಮೋಸಹೋದೆ, ನೀವು ಹೋಗಬೇಡಿ

ಲಂಡನ್ನಿನಲ್ಲಿ ಹಳೆಯ ಹಡಗಿನ ಚಿತ್ರ ಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 640 ಪೌಂಡ್ ಕಳೆದುಕೊಂಡೆ. ಹಣ ಹೋದದ್ದಕ್ಕಿಂತಲೂ, ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ ಹೆಮ್ಮೆಪಟ್ಟೆನಲ್ಲ ಎಂಬ ನಾಚಿಕೆಯೇ ಹೆಚ್ಚು ಕಾಡುತ್ತಿದೆ.

ಚಿತ್ರದಲ್ಲಿದ್ದುದು ಚೀನಾದಿಂದ ಚಹಾ ತರುತ್ತಿದ್ದ ಕಟ್ಟಿ ಸಾರ್ಕ್ ಎಂಬ ಹಾಯಿಹಡಗು: ಮೂರು ಕೂವೆಮರಗಳು, ಗಾಳಿ ತುಂಬಿದ ಹಾಯಿಗಳು, ಹಿಂಬದಿಯಲ್ಲಿ ಬ್ರಿಟಿಷ್ ವ್ಯಾಪಾರಿ ಹಡಗುಗಳ ಕೆಂಪು ಬಾವುಟ, ಮೂಲೆಯಲ್ಲಿ ಸಹಿ ಮತ್ತು 1867. ಆ ಕಾಲದ್ದೇ ತೈಲವರ್ಣ ಚಿತ್ರ, ಕಪ್ತಾನರೊಬ್ಬರ ಮನೆಯಿಂದ ಬಂದದ್ದು ಎಂದು ಅಂಗಡಿಯವರು ಹೇಳಿದರು. ಬಾಯಲ್ಲಿ ಹೇಳಿದರು, ಅಷ್ಟೆ.

ಎರಡು ತಿಂಗಳ ನಂತರ ಊರಿನಿಂದ ಬಂದ ಭಾವನವರನ್ನು ಗ್ರೀನಿಚ್‌ಗೆ ಕರೆದೊಯ್ದೆ. ನಿಜವಾದ ಕಟ್ಟಿ ಸಾರ್ಕ್ ಈಗ ಇರುವುದು ಅಲ್ಲಿಯೇ. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಕಟ್ಟಿದ ಆ ಹಡಗನ್ನು 1869ರ ನವೆಂಬರಿನಲ್ಲಿ ನೀರಿಗಿಳಿಸಿದರು ಎಂಬುದನ್ನು ತಿಳಿದ ಭಾವನವರು, "ನಿನ್ನ ಚಿತ್ರದಲ್ಲಿ 1867 ಅಂತ ಇತ್ತಲ್ಲ?" ಎಂದು ಮೆಲ್ಲಗೆ ಕೇಳಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಇನ್ನೂ ಕಟ್ಟದ ಹಡಗು ಸಮುದ್ರದಲ್ಲಿ ಓಡುವುದನ್ನು ಯಾರು ಬರೆದಾರು?

ಆ ರಾತ್ರಿಯೇ ಭೂತಗನ್ನಡಿ ಹಿಡಿದು ನೋಡಿದೆ. ಹಾಯಿ, ಅಲೆ, ಬಾವುಟ, ಕೊನೆಗೆ ಆ ಸಹಿ ಕೂಡ ವೃತ್ತಪತ್ರಿಕೆಯ ಚಿತ್ರದಂತೆ ಬಣ್ಣಬಣ್ಣದ ಸಣ್ಣ ಚುಕ್ಕೆಗಳು! ಕೈಯಿಂದ ಬರೆದದ್ದಲ್ಲ, ಅಚ್ಚು ಹಾಕಿದ್ದು. ಮೇಲೆ ದಪ್ಪನೆಯ ವಾರ್ನಿಷ್ ಬಳಿದಿದ್ದರು. ಅದರ ಕುಂಚದ ಗೀರುಗಳು ಹಾಯಿಯ ಅಂಚಿನಲ್ಲಿ ನಿಲ್ಲದೆ ನೇರವಾಗಿ ಆಕಾಶಕ್ಕೆ ಹರಿದಿದ್ದವು. ನಾನು ಮೆಚ್ಚಿ ಬೆರಳಾಡಿಸಿದ್ದು ಆ ಗೀರುಗಳ ಮೇಲೆಯೇ.

ಅಂಗಡಿಗೆ ಹೋಗಿ ಕೇಳಿದಾಗ ಮೊದಲು, "ಕಲಾವಿದ ಇಸವಿ ತಪ್ಪು ಬರೆದಿರಬಹುದು" ಎಂದರು. ಚುಕ್ಕೆಗಳನ್ನು ತೋರಿಸಿದೆ, "ಅದು ಕ್ಯಾನ್ವಾಸಿನ ನೇಯ್ಗೆ" ಎಂದರು. ನೇಯ್ಗೆಗೆ ನೀಲಿ, ಹಳದಿ ಬಣ್ಣವಿರುತ್ತದೆಯೇ ಎಂದು ಕೇಳಿದ್ದಕ್ಕೆ ನನ್ನ ರಸೀದಿಯನ್ನೇ ನನ್ನ ಮುಂದಿಟ್ಟು, "ಓದಿ ನೋಡಿ, ಹತ್ತೊಂಬತ್ತನೆಯ ಶತಮಾನದ ಶೈಲಿಯ ಹಡಗಿನ ಚಿತ್ರ ಎಂದಿದೆ. ಶೈಲಿ ಎಂದಿದ್ದೇವೆ. ತೈಲವರ್ಣ ಎಂದು ಎಲ್ಲಿ ಬರೆದಿದ್ದೇವೆ?" ಎಂದರು. ಶೈಲಿಯಂತೆ! ಮಾರುವಾಗ ಆ ಪದ ಅವರ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಹಡಗಿನ ಹೆಸರು ಹೇಳಿದರೆ ಅದು ನೀರಿಗಿಳಿದ ವರ್ಷವನ್ನು ಅಲ್ಲಿಯೇ ಹುಡುಕಿ ನೋಡಿ. ಭೂತಗನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. ಬಾಯಲ್ಲಿ ಹೇಳಿದ್ದನ್ನೆಲ್ಲ ರಸೀದಿಯಲ್ಲಿ ಬರೆಸಿಕೊಳ್ಳದೆ ಒಂದು ಪೌಂಡನ್ನೂ ಕೊಡಬೇಡಿ. ಅವರು ಹಣ ಹಿಂದಿರುಗಿಸಿಲ್ಲ. ಚಿತ್ರವನ್ನು ಗೋಡೆಯಿಂದ ಇಳಿಸಿ, ಬೀರುವಿನ ಹಿಂದೆ ಮುಖ ತಿರುಗಿಸಿ ಇಟ್ಟಿದ್ದೇನೆ.